ಎಣಿಕೆ ಶುರುವಾದದ್ದು ಎರಡನೇ ಜ್ವರದಿಂದ

ನಮ್ಮ ಜ್ವರದ ಅಧ್ಯಯನದ ಫಾರಂನಲ್ಲಿ ‘ಎಷ್ಟು ದಿನದಿಂದ ಜ್ವರ?’ ಅಂತ ಒಂದು ಪ್ರಶ್ನೆ ಇತ್ತು. ಎಲ್ಲಕ್ಕಿಂತ ಸುಲಭದ ಪ್ರಶ್ನೆ ಅದೇ ಅಂದುಕೊಂಡಿದ್ದೆ. ಎರಡು ತಿಂಗಳು ಹಾಗೇ ಕೇಳಿದೆ, ಬಂದ ಉತ್ತರ ಹಾಗೇ ಬರೆದುಕೊಂಡೆ.

ಸಿದ್ದಾಪುರದ ಸುತ್ತಿನ ಹಳ್ಳಿಗಳಲ್ಲಿ ಡಿಸೆಂಬರ್ ದಾಟಿದ ಮೇಲೆ ಜ್ವರ ಬಂದರೆ ಮೊದಲ ಹೆದರಿಕೆ ಮಂಗನ ಕಾಯಿಲೆಯದು. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು. ಉಣುಗು ಕಚ್ಚಿ ಬರುತ್ತದೆ. ಜನ ಬೆಟ್ಟಕ್ಕೆ ದರಕು (ಉದುರಿದ ಒಣ ಎಲೆ) ಗುಡಿಸಲು ಹೋಗುವ ಹೊತ್ತಿಗೇ ಉಣುಗಿನ ಮರಿಗಳೂ ಜಾಸ್ತಿ. ಆದರೆ ಜ್ವರ, ತಲೆನೋವು, ಮೈಕೈ ನೋವು ಡೆಂಗಿಯಲ್ಲೂ ಇದೆ, ಇಲಿ ಜ್ವರದಲ್ಲೂ ಇದೆ. ಪ್ಲೇಟ್‌ಲೆಟ್ ಮೂರರಲ್ಲೂ ಇಳಿಯಬಹುದು. ಇಲಿ ಜ್ವರಕ್ಕೆ ಡಾಕ್ಸಿಸೈಕ್ಲಿನ್ ಇದೆ. ಮಂಗನ ಕಾಯಿಲೆಗೆ ಅಂಥ ಮದ್ದಿಲ್ಲ.

ಮಂಗನ ಕಾಯಿಲೆ ಹೌದೋ ಅಲ್ಲವೋ ತಿಳಿಯಲು, ರಕ್ತದಲ್ಲಿ ವೈರಸ್ ಇರುವ ಮೊದಲ ದಿನಗಳಲ್ಲಿ ಆ ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್ ಮಾಡಬೇಕು. ಐದಾರು ದಿನ ಕಳೆದ ಮೇಲೆ ಐಜಿಎಂ ಎಲೈಸಾ, ಅಂದರೆ ವೈರಸ್ ವಿರುದ್ಧ ಮೈ ತಯಾರಿಸಿದ ಪ್ರತಿಕಾಯ ಹುಡುಕುವ ಪರೀಕ್ಷೆ. ದಿನ ತಪ್ಪಿದರೆ ಲ್ಯಾಬ್ ಎಷ್ಟು ಸರಿಯಿದ್ದರೂ ಉತ್ತರ ತಪ್ಪು.

ಫೆಬ್ರವರಿಯಲ್ಲಿ ಒಬ್ಬರು ಬಂದರು. ‘ಮೂರು ದಿನ ಆತು ಡಾಕ್ಟ್ರೇ’ ಅಂದರು. ಪಿಸಿಆರ್ ಮಾತ್ರ ಕಳಿಸಿದೆ. ನೆಗೆಟಿವ್ ಬಂತು. ‘ಮಂಗನ ಕಾಯಿಲೆ ಅಲ್ಲ ಅಮ್ಮಾ’ ಅಂತ ಅವರ ಹೆಂಡತಿಗೆ ಧೈರ್ಯ ಹೇಳಿದೆ. ಮರುದಿನ ಕತ್ತು ಬಿಗಿಯಿತು, ಮಾತು ತೊದಲತೊಡಗಿತು. ದೊಡ್ಡ ಆಸ್ಪತ್ರೆಗೆ ಚೀಟಿ ಬರೆಯುತ್ತಿದ್ದೆ. ಆಗ ಅವರ ಹೆಂಡತಿ ಅಂದರು: ‘ಕಡೇ ಕೊಯ್ಲಿನ ದಿನಾನೂ ಜ್ವರ ಬಂದಿತ್ತು. ಬಿಟ್ಟೋತು ಹೇಳಿ ಸುಮ್ನಾದ್ವಿ.’

ಪೆನ್ನು ಅಲ್ಲೇ ನಿಂತಿತು. ಲೆಕ್ಕ ಹಾಕಿದರೆ ಹತ್ತೊಂಬತ್ತು ದಿನ! ಈ ಕಾಯಿಲೆಯಲ್ಲಿ ಕೆಲವರಿಗೆ ಜ್ವರ ಬಿಟ್ಟು, ಒಂದೆರಡು ವಾರ ಕಳೆದು, ಮಿದುಳಿಗೆ ತೊಂದರೆ ಕೊಡುತ್ತಾ ಮತ್ತೆ ಬರುತ್ತದೆ. ನಾವು ಎಣಿಸಿದ್ದು ಎರಡನೇ ಜ್ವರದಿಂದ. ಅದೇ ರಕ್ತದಲ್ಲಿ ಐಜಿಎಂ ಮಾಡಿಸಿದೆ, ಪಾಸಿಟಿವ್.

ಚೀಟಿ ಹೇಗೂ ಕೊಡಬೇಕಿತ್ತು, ಕೊಟ್ಟೆ. ಅವರು ಗುಣವಾದರು. ಕೈ ನಡುಕ ಮಾತ್ರ ಕೆಲವು ವಾರ ಇತ್ತು. ನನಗೆ ಈಗಲೂ ಚುಚ್ಚುವುದು ಬೇರೆ. ನನ್ನ ಮಾತು ನಂಬಿ ಅವರ ಕೇರಿಯವರು ಉಣುಗು ಕಚ್ಚದಂತೆ ಹಚ್ಚುವ ಡೆಪಾ ಎಣ್ಣೆಯನ್ನೂ ಹಚ್ಚಿಕೊಳ್ಳದೆ ಅದೇ ಬೆಟ್ಟಕ್ಕೆ ದರಕಿಗೆ ಹೋಗುತ್ತಲೇ ಇದ್ದರು.

ಆಮೇಲೆ ಪ್ರಶ್ನೆ ಬದಲಿಸಿದೆ. ಅಧ್ಯಯನದ ನಡುವೆ ಫಾರಂ ತಿದ್ದಲು ಎಥಿಕ್ಸ್ ಕಮಿಟಿಯ (ಸಂಶೋಧನೆಯ ನೀತಿ ನೋಡುವ ಸಮಿತಿ) ಒಪ್ಪಿಗೆ ಬೇಕು, ಅದು ಬರುವ ತನಕ ಕೇಸ್ ಶೀಟಿನಲ್ಲೇ ಬರೆದಿಟ್ಟೆ. ಮೇಜಿನ ಎದುರು ಗೋಡೆ ಕ್ಯಾಲೆಂಡರ್ ತೂಗುಹಾಕಿದೆ. ‘ಕಡೆಗೆ ಕೆಲಸಕ್ಕೆ ಹೋದದ್ದು ಯಾವತ್ತು? ಸಂತೆಗೆ ಮುಂಚೆಯೋ, ಆಮೇಲೋ? ಈ ತಿಂಗಳಲ್ಲಿ ಇನ್ನೊಂದು ಸಲ ಜ್ವರ ಬಂದು ಬಿಟ್ಟಿತ್ತಾ?’ ಅಂತ ಕೇಳುತ್ತೇನೆ. ನಮ್ಮ ಜನ ಎಣಿಸುವುದು ಸಂತೆ, ಏಕಾದಶಿ, ಮದುವೆಗಳ ಮೇಲೆ ಅಲ್ವಾ? ಸಿಕ್ಕಿದ ತಾರೀಖನ್ನೇ ಬರೆಯುತ್ತೇನೆ. ಅನುಮಾನವಿದ್ದರೆ ಎರಡೂ ಪರೀಕ್ಷೆ. ಮನೆಯವರನ್ನು ಬೇರೆಯಾಗಿ ಕೇಳುತ್ತೇನೆ.

ಮೊದಲ ಎರಡು ತಿಂಗಳ ಫಾರಂಗಳನ್ನು ಊಹೆಯಿಂದ ತಿದ್ದಲಿಲ್ಲ. ‘ದಿನ ಖಚಿತವಿಲ್ಲ’ ಎಂದು ಬರೆದು ಬೇರೆ ಕಟ್ಟು ಕಟ್ಟಿಟ್ಟೆ.