ವಾಲ್ವ್ ರಫ್ತು ಮಾಡುವ ಮುನ್ನ ಸ್ಕೋಮೆಟ್ ಪಟ್ಟಿ ನೋಡಿದ್ದು: ನನ್ನ ಅನುಭವ

ತುಮಕೂರಿನ ವಸಂತನರಸಾಪುರದಲ್ಲಿ ನಮ್ಮದೊಂದು ಸಣ್ಣ ವಾಲ್ವ್ ಯೂನಿಟ್ ಇದೆ. ಗಲ್ಫ್ ಕಡೆಯ ಟ್ರೇಡರ್ ಒಬ್ಬರು ಎರಡು ಇಂಚಿನ ಬಾಲ್ ವಾಲ್ವ್‌ಗೆ (ಒಳಗಿನ ಚೆಂಡು ತಿರುಗಿ ಹರಿವನ್ನು ಬಿಡುವ, ತಡೆಯುವ ವಾಲ್ವ್) ಕೊಟೇಶನ್ ಕೇಳಿದರು. ರೇಟ್ ಹಾಕುವ ಮೊದಲು ನಾನು ಸ್ಕೋಮೆಟ್ ಪಟ್ಟಿ ತೆಗೆದು ಕೂತೆ. ಮಾಮೂಲಿ ಕೆಲಸಕ್ಕೂ ಆಗುವ, ಅಸ್ತ್ರ ತಯಾರಿಕೆಗೂ ಆಗಬಹುದಾದ ಸರಕುಗಳ ರಫ್ತಿಗೆ ಕೇಂದ್ರದ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ (ಡಿಜಿಎಫ್‌ಟಿ) ಇಟ್ಟಿರುವ ಪಟ್ಟಿ ಅದು.

'ನಾವೇನು ಬಾಂಬ್ ಮಾಡ್ತೀವಾ?' ಅಂತ ಅಕ್ಕಪಕ್ಕದ ಯೂನಿಟ್‌ನವರು ಕೇಳುತ್ತಾರೆ. ಪ್ರಶ್ನೆ ಅದಲ್ಲ. 1980ರ ದಶಕದಲ್ಲಿ ಇರಾಕ್ ವಿಷಾನಿಲ ಬಳಸಿತಲ್ವಾ, ಅದಕ್ಕೆ ಬೇಕಾದ ಸಾಮಾನು ಬಹಳಷ್ಟು ಹೋಗಿದ್ದು ಮಾಮೂಲಿ ವ್ಯಾಪಾರದ ದಾರಿಯಲ್ಲೇ. ಅದು ಬೆಳಕಿಗೆ ಬಂದ ಮೇಲೆ, 1985ರಲ್ಲಿ, ಇಂಥ ಸಾಮಾನಿನ ರಫ್ತಿನ ಮೇಲೆ ಕಣ್ಣಿಡುವ ದೇಶಗಳ ಕೂಟವಾದ ಆಸ್ಟ್ರೇಲಿಯಾ ಗ್ರೂಪ್ ಹುಟ್ಟಿತು. 2018ರ ಜನವರಿಯಲ್ಲಿ ಭಾರತವೂ ಅದರ ಸದಸ್ಯ ಆಯಿತು. ನಮ್ಮ ವಾಲ್ವ್ ಇಂಥ ಕೆಲಸಕ್ಕೆ ಹೋಗಬಾರದು ಅಂತ ನೋಡಿಕೊಳ್ಳುವುದು ನಮ್ಮದೇ ಜವಾಬ್ದಾರಿ.

ಕಸ್ಟಮ್ಸ್‌ನಲ್ಲಿ ಸರಕನ್ನು ಗುರುತಿಸುವ ಎಚ್‌ಎಸ್ ಕೋಡ್ ನೋಡಿದರೆ ಏನೂ ತಿಳಿಯುವುದಿಲ್ಲ. ಇಂಥ ಎಲ್ಲ ವಾಲ್ವ್‌ಗೂ 8481. ನೋಡಬೇಕಾದ್ದು ಒಳಗಡೆ ಕೆಮಿಕಲ್ ತಾಗುವ ಜಾಗ ಯಾವ ಮೆಟೀರಿಯಲ್‌ನದು ಅಂತ; ತೀಕ್ಷ್ಣ ಕೆಮಿಕಲ್ ತಡೆದುಕೊಳ್ಳುವ ಮೆಟೀರಿಯಲ್‌ಗಳೇ ಪಟ್ಟಿಯಲ್ಲಿರುವುದು. ನಮ್ಮ ಟೇಬಲ್ ಮೇಲೆ ಎರಡು ವಾಲ್ವ್ ಇಟ್ಟೆ. ಹೊರಗಿನಿಂದ ಎರಡೂ ಒಂದೇ ಥರ. ಒಂದರ ಒಳಗೆ ಬರೀ 316 ಸ್ಟೇನ್‌ಲೆಸ್ ಸ್ಟೀಲ್. ನಿಕ್ಕಲ್ ಶೇ. 10ರಿಂದ 14, ಕ್ರೋಮಿಯಂ ಶೇ. 16ರಿಂದ 18. ಇಂಥ ಮಿಶ್ರಲೋಹಕ್ಕೆ ನಿಯಂತ್ರಣ ಶುರುವಾಗುವುದು ನಿಕ್ಕಲ್ ಶೇ. 25, ಕ್ರೋಮಿಯಂ ಶೇ. 20 ಎರಡೂ ದಾಟಿದಾಗ, ಇಲ್ಲವೇ ನಿಕ್ಕಲ್ ಒಂದೇ ಶೇ. 40 ದಾಟಿದಾಗ. ಹಾಗಾಗಿ ಅದು ಪಟ್ಟಿಯ ಹೊರಗೆ. ಇನ್ನೊಂದರ ಒಳಗೆ, ಚೆಂಡಿನ ಮೇಲೂ ಸೇರಿ, ಬೆಳ್ಳಗೆ ಟೆಫ್ಲಾನ್ ಜಾತಿಯ ಲೈನಿಂಗ್. ಸೈಜು 10 ಮಿ.ಮೀ.ಗಿಂತ ದೊಡ್ಡದು. ಕೆಲವೇ ಮಿ.ಮೀ. ದಪ್ಪದ ಆ ಪದರದಿಂದಲೇ ಅದು ಪಟ್ಟಿಯೊಳಗೆ ಬಂತು! ಹ್ಯಾಸ್ಟೆಲಾಯ್ ಎಂಬ ಮಿಶ್ರಲೋಹ ಆಗಿದ್ದರೂ ಬರುತ್ತಿತ್ತು, ಅದರಲ್ಲಿ ನಿಕ್ಕಲ್ ಶೇ. 40ಕ್ಕಿಂತ ಜಾಸ್ತಿ. ಟ್ರೇಡರ್ ಕೇಳಿದ್ದು ಲೈನಿಂಗ್ ಇರುವುದನ್ನೇ.

ಪಟ್ಟಿಯೊಳಗಿನ ಸರಕಿಗೆ ರಫ್ತು ಪರವಾನಗಿ ಬೇಕು. ಅದರ ಅರ್ಜಿ ಆನ್‌ಲೈನ್‌ನಲ್ಲೇ ಹಾಕಿದೆ. ಅದು ಕಷ್ಟವಲ್ಲ. ಕಷ್ಟ ಇರುವುದು ಸರಕನ್ನು ಯಾರು, ಯಾವುದಕ್ಕೆ ಬಳಸುತ್ತಾರೆ ಅಂತ ಬರೆದುಕೊಡುವ ಎಂಡ್ ಯೂಸ್ ಸರ್ಟಿಫಿಕೇಟ್ ತರಿಸುವುದರಲ್ಲಿ. ಕೊನೆಗೆ ಬಳಸುವವರ ಹೆಸರು ಹೇಳಲು ಟ್ರೇಡರ್‌ಗೆ ಇಷ್ಟವಿರಲಿಲ್ಲ, ನಾವು ನೇರ ಮಾರಿಬಿಡುತ್ತೇವೆ ಅಂತ ಭಯ. ಹೆಸರು ಕೊಡದಿದ್ದರೆ ಆರ್ಡರ್ ಬೇಡ ಅಂದೆ, ಸುಮ್ನೆ ಅಂದಿದ್ದಲ್ಲ. ಕೊನೆಗೆ ಬಳಸುವ ಪ್ಲಾಂಟ್‌ನ ಲೆಟರ್‌ಹೆಡ್‌ನಲ್ಲೇ ಕಾಗದ ಬಂತು: ಯಾವ ಲೈನಿಗೆ, ಯಾವ ಆಸಿಡ್‌ಗೆ, ಬೇರೆಯವರಿಗೆ ದಾಟಿಸುವುದಿಲ್ಲ ಎಂಬ ಒಪ್ಪಿಗೆ, ಎಲ್ಲ ಇತ್ತು. ಆ ವಿಳಾಸದಲ್ಲಿ ನಿಜವಾಗಿ ಪ್ಲಾಂಟ್ ಇದೆಯಾ ಅಂತ ಮ್ಯಾಪ್‌ನಲ್ಲೂ ಹುಡುಕಿ ನೋಡಿದೆ. ಅರ್ಜಿಯನ್ನು ಹಲವು ಇಲಾಖೆಗಳ ಸಮಿತಿ ನೋಡುತ್ತದೆ, ಅದಕ್ಕೇ ಡೆಲಿವರಿ ದಿನಾಂಕವನ್ನು ಪರವಾನಗಿ ಸಿಕ್ಕ ದಿನದಿಂದ ಎಣಿಸುವಂತೆ ಮೊದಲೇ ಬರೆಸಿದ್ದೆ.

ಪಟ್ಟಿಯಲ್ಲಿ ಇಲ್ಲದ ಸರಕಿಗೂ 2005ರ ಸಾಮೂಹಿಕ ವಿನಾಶದ ಅಸ್ತ್ರಗಳ ಕಾಯ್ದೆ ಅನ್ವಯಿಸುತ್ತದೆ. ಅಂಥ ಬಳಕೆಗೆ ಅಂತ ಗೊತ್ತಿದ್ದೂ ಕಳಿಸಿದರೆ ಅಪರಾಧ. ಪಟ್ಟಿಯೊಳಗಿನ ವಾಲ್ವ್ ಆದರೆ ಅದನ್ನು ತಯಾರಿಸುವ ಡ್ರಾಯಿಂಗನ್ನು ಇಮೇಲ್‌ನಲ್ಲಿ ಕಳಿಸುವುದಕ್ಕೂ ಪರವಾನಗಿ ಬೇಕು. ಹೀಗಾಗಿ ನಮ್ಮ ಎನ್‌ಕ್ವೈರಿ ಶೀಟಿಗೆ ಎರಡು ಕಾಲಂ ಸೇರಿಸಿದ್ದೇವೆ: ಒಳಗಿನ ಮೆಟೀರಿಯಲ್ ಯಾವುದು, ಕೊನೆಗೆ ಬಳಸುವವರು ಯಾರು. ಎರಡೂ ತುಂಬದೆ ಡಿಸೈನ್‌ನವರು ಡ್ರಾಯಿಂಗ್ ಹೊರಗೆ ಕೊಡುವುದಿಲ್ಲ.