ಮೆಕ್ಸಿಕೊದಲ್ಲಿ ಒಂದು ರಾತ್ರಿಗೆ ನಾವು ಪ್ವೆಬ್ಲಾ ಆರಿಸಿದ್ದು ಯಾಕೆ

ಮೆಕ್ಸಿಕೊ ಸಿಟಿಗೆ ಹೋಗಿದ್ದಾಗ ಸ್ಪೇನಿನವರ ಕಾಲದ ಒಂದು ಹಳೆ ಊರನ್ನೂ ನೋಡಿ ಬರೋಣ ಅಂದುಕೊಂಡೆವು. ಒಂದು ರಾತ್ರಿ ಉಳಿಯುವಷ್ಟೇ ಬಿಡುವು. ಜೊತೆಗೆ ಮೊಣಕಾಲು ನೋವಿನ ಅತ್ತೆ, ಬಸ್ ಹತ್ತಿದರೆ ವಾಂತಿ ಮಾಡುವ ಮಗ. ಮನೆಯವರೆಲ್ಲ ಸಸ್ಯಾಹಾರಿಗಳು.

ನನ್ನ ಗಂಡನಿಗೆ ಗ್ವಾನಾಹ್ವಾತೊ ಬೇಕಿತ್ತು. ಫೋಟೊ ನೋಡಿದರೆ ಯಾರಿಗಾದರೂ ಬೇಕೆನಿಸುತ್ತದೆ ಬಿಡಿ. ಬಣ್ಣಬಣ್ಣದ ಮನೆಗಳು, ನೆಲದಡಿ ಸುರಂಗದ ರಸ್ತೆಗಳು. ಆದರೆ ಬಸ್ಸಿನಲ್ಲಿ ಸುಮಾರು 5 ಗಂಟೆ ದಾರಿ. ಅದೂ ಅಲ್ಲದೆ ಅದು ಬೆಳ್ಳಿ ಗಣಿಯಿಂದ ಬೆಳೆದ ಊರು. ಗಣಿ ಇದ್ದದ್ದು ಗುಡ್ಡಗಳ ನಡುವೆ, ಹಾಗಾಗಿ ಊರೂ ಅಲ್ಲೇ. ಎಲ್ಲಿ ನೋಡಿದರೂ ಏರು, ಮೆಟ್ಟಿಲು. ತಾಸ್ಕೊ ಹತ್ತಿರ ನಿಜ, ಆದರೆ ಅದೂ ಬೆಳ್ಳಿ ಊರೇ, ಅದೂ ಗುಡ್ಡವೇ. ಸಾನ್ ಮಿಗೆಲ್ ದೆ ಅಯೆಂದೆಯಲ್ಲಿ ಉರುಟು ಕಲ್ಲು ಹಾಸಿದ ಇಳಿಜಾರು ಬೀದಿಗಳು. ಅತ್ತೆಗೆ ಆಗದ ಮಾತು.

ಉಳಿದದ್ದು ಕೆರೆತಾರೊ ಮತ್ತು ಪ್ವೆಬ್ಲಾ. ಕೆರೆತಾರೊದ ಹಳೆ ಭಾಗದಲ್ಲೂ ಆರಾಮಾಗಿ ನಡೆಯಬಹುದು, ಹಿಂದೆ ಊರಿಗೆ ನೀರು ತರುತ್ತಿದ್ದ 74 ಕಮಾನುಗಳ ಸೇತುವೆಯೂ ಇದೆ. ಆದರೆ ಬಸ್ಸಿಗೆ 3 ಗಂಟೆ. ಪ್ವೆಬ್ಲಾಕ್ಕೆ ಸುಮಾರು 2. ಅಲ್ಲಿಗೆ ತೀರ್ಮಾನ ಆಯಿತು.

ಮೆಕ್ಸಿಕೊ ಸಿಟಿ ಮತ್ತು ವೆರಾಕ್ರೂಸ್ ಬಂದರಿನ ನಡುವಿನ ದಾರಿಗೆಂದೇ 1531ರಲ್ಲಿ ಹೊಸದಾಗಿ ಕಟ್ಟಿದ ಊರು ಇದು. ಬಯಲು ಜಾಗ, ನೆಟ್ಟಗಿನ ಬೀದಿಗಳು. ಹೆಚ್ಚಿನ ಬೀದಿಗಳಿಗೆ ಬರೀ ನಂಬರ್. ಊರ ನಡುವಿನ ದೊಡ್ಡ ಚೌಕದ ಒಂದು ಕಡೆ ಸಮಸಂಖ್ಯೆ, ಇನ್ನೊಂದು ಕಡೆ ಬೆಸಸಂಖ್ಯೆ. ಮಗನಿಗೆ ಅದೇ ಆಟ ಆಯಿತು, ದಾರಿ ತೋರಿಸುವ ಕೆಲಸ ಪೂರ್ತಿ ಅವನದೇ. ಎತ್ತರವೂ ಮೆಕ್ಸಿಕೊ ಸಿಟಿಯಷ್ಟೇ, 2,100 ಮೀಟರ್ ಮೇಲೆ. ಅಲ್ಲಿ ಒಗ್ಗಿಕೊಂಡಿದ್ದರೆ ಇಲ್ಲಿ ಹೊಸ ಸುಸ್ತು ಇಲ್ಲ.

ಬಸ್ ಹೊರಡುವುದು ಮೆಕ್ಸಿಕೊ ಸಿಟಿಯ ತಾಪೊ ನಿಲ್ದಾಣದಿಂದ. ಹೋಗುವಾಗ ಬಲಗಡೆ ಕೂತುಕೊಳ್ಳಿ. ಮೋಡ ಇಲ್ಲದಿದ್ದರೆ ಜ್ವಾಲಾಮುಖಿಗಳು ಕಾಣುತ್ತವೆ.

ಸಾಂತೊ ದೊಮಿಂಗೊ ಚರ್ಚಿನ ರೊಸಾರಿಯೊ ಗುಡಿಯಲ್ಲಿ ಗೋಡೆ, ಚಾವಣಿ ಎಲ್ಲ ಚಿನ್ನದ ಲೇಪ. ನನಗೆ ಅದು ಸ್ವಲ್ಪ ಜಾಸ್ತಿಯೇ ಅನಿಸಿತು. 1646ರಲ್ಲಿ ಬಿಷಪ್ ಪಾಲಾಫಾಕ್ಸ್ ಕೊಟ್ಟ ಪುಸ್ತಕಗಳಿಂದ ಶುರುವಾದ ಲೈಬ್ರರಿ ಮಾತ್ರ ಬಿಡಬೇಡಿ. ಕೆತ್ತನೆಯ ಮರದ ಕಪಾಟುಗಳ ಮುಂದೆ ಅತ್ತೆ ತುಂಬಾ ಹೊತ್ತು ನಿಂತಿದ್ದರು. ಇನ್ನೊಂದು ವಿಷಯ ಕೇಳಿ ಅವರಿಗೆ ಊರಿನ ಮೇಲೆ ಪ್ರೀತಿಯೇ ಬಂತು. 17ನೇ ಶತಮಾನದಲ್ಲಿ ನಮ್ಮ ದೇಶದ ಒಬ್ಬ ಹುಡುಗಿಯನ್ನು ಗುಲಾಮಳಾಗಿ ಹಿಡಿದು, ಮನಿಲಾ ಮೂಲಕ ಹಡಗಿನಲ್ಲಿ ತಂದು ಇಲ್ಲಿ ಮಾರಿದ್ದರಂತೆ. ಕಾತಾರಿನಾ ದೆ ಸಾನ್ ಹ್ವಾನ್ ಎಂಬ ಹೆಸರಿನಲ್ಲಿ ಆಕೆ ಇಲ್ಲೇ ಬದುಕಿ, 1688ರಲ್ಲಿ ತೀರಿಕೊಂಡಳು. ಊರಿನವರು ಆಕೆಯನ್ನು ಸಂತಳಂತೆ ಕಾಣುತ್ತಿದ್ದರು. "ಪಾಪ, ಅಷ್ಟು ದೂರದಿಂದ," ಎಂದು ಅತ್ತೆ ಎಷ್ಟು ಸಲ ಹೇಳಿದರೋ.

ಊಟದ ವಿಷಯ. ಹುರುಳಿಕಾಯಿ ಬೀಜದ ಪಲ್ಯದಂಥ ಫ್ರಿಹೋಲೆಸ್‌ನಲ್ಲಿ ಹಂದಿ ಕೊಬ್ಬು ಇರಬಹುದು, ಕೆಂಪು ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸಿರಬಹುದು. ಒಣಮೆಣಸು, ಮಸಾಲೆ ಅರೆದು ಮಾಡುವ ಪ್ವೆಬ್ಲಾದ ಹೆಸರಾಂತ ಗೊಜ್ಜು ಮೋಲೆಯೂ ಅಷ್ಟೇ. ಬರೀ "ಮಾಂಸ ಬೇಡ" ಅಂದರೆ ಸಾಲದು. "ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಮಾಂತೆಕಾ" (ಮಾಂಸ ಬೇಡ, ಕೋಳಿ ಬೇಡ, ಹಂದಿ ಕೊಬ್ಬು ಬೇಡ) ಎಂದು ಒಂದೊಂದನ್ನೂ ಹೇಳಬೇಕು. ಚೀಸ್, ಬೆಣ್ಣೆಹಣ್ಣು ಹಾಕಿದ ಸೆಮೀತಾ ಎಂಬ ಬನ್ ಸ್ಯಾಂಡ್‌ವಿಚ್, ಕುಂಬಳ ಹೂವು ತುಂಬಿ ಮಡಚಿದ ರೊಟ್ಟಿ ಕೆಸಡಿಯಾ ನಮ್ಮನ್ನು ಕಾಪಾಡಿದವು. ಸಿಹಿ ಅಂಗಡಿಗಳ ಸಾಲಿರುವ 6 ಓರಿಯೆಂತೆ ಬೀದಿಯಲ್ಲಿ ಗೆಣಸಿನ ಮಿಠಾಯಿ ತಗೊಂಡೆವು.

ನಾವು ಶನಿವಾರ ಹೋಗಿ ಭಾನುವಾರ ಬಂದೆವು. ಸೋಮವಾರ ಹೆಚ್ಚಿನ ಮ್ಯೂಸಿಯಂಗಳಿಗೆ ರಜೆ, ಆ ದಿನ ಬೇಡ. ಭಾನುವಾರ ಊಟ ಮುಗಿಸಿದ ಕೂಡಲೇ ಬಸ್ ಹತ್ತಿಬಿಡಿ. ಸಂಜೆಯಾದರೆ ವಾರಾಂತ್ಯ ಮುಗಿಸಿ ರಾಜಧಾನಿಗೆ ಮರಳುವ ಕಾರುಗಳ ನಡುವೆ ಸಿಕ್ಕಿಬೀಳುತ್ತೀರಿ.