ಬೌಲರ್‌ನ ಮೊಣಕಾಲನ್ನು ಮೊಬೈಲ್‌ನಲ್ಲಿ ಅಳೆದದ್ದು

ತುಮಕೂರಿನಲ್ಲಿ ನಾನು ವೇಗದ ಬೌಲಿಂಗ್ ಹೇಳಿಕೊಡುತ್ತೇನೆ. ಗುಬ್ಬಿ, ಕೊರಟಗೆರೆ ಕಡೆಯಿಂದ ಬಸ್ ಹಿಡಿದು ಬರುವ ಹುಡುಗರೂ ಇದ್ದಾರೆ. ಅವರ ಶೈಲಿಯನ್ನು ಕಣ್ಣಂದಾಜಿಗೆ ಬಿಡಲು ಮನಸ್ಸಾಗದೆ ಮೊಬೈಲ್ ವಿಡಿಯೊವನ್ನು ಗೂಗಲ್‌ನ ಉಚಿತ ಮೀಡಿಯಾಪೈಪ್ ತಂತ್ರಾಂಶಕ್ಕೆ ಕೊಟ್ಟು ಅಳೆಯತೊಡಗಿದೆ. ಅದು ದೇಹದ 33 ಬಿಂದುಗಳನ್ನು ಗುರುತಿಸುತ್ತದೆ. ನನಗೆ ಬೇಕಾದವು ಮೂರೇ: ಮುಂದಿನ ಕಾಲಿನ ಸೊಂಟ, ಮೊಣಕಾಲು, ಪಾದದ ಕೀಲು. ಅವುಗಳಿಂದ ಮೊಣಕಾಲಿನ ಕೋನ ಸಿಗುತ್ತದೆ; ಕಾಲು ಪೂರ್ತಿ ನೆಟ್ಟಗಿದ್ದರೆ 180 ಡಿಗ್ರಿ. ಆ ಕಾಲು ಕುಸಿದರೆ ಓಟದಲ್ಲಿ ಗಳಿಸಿದ ವೇಗ ಚೆಂಡಿಗೆ ಪೂರ್ತಿ ದಾಟುವುದಿಲ್ಲ.

ಲೆಕ್ಕಕ್ಕಿಂತ ಚಿತ್ರೀಕರಣವೇ ಕಷ್ಟ. ಮುಂದಿನ ಕಾಲೂರಿದ ಮೇಲೆ ಚೆಂಡು ಕೈಬಿಡಲು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟೇ ಸಮಯ. ಸೆಕೆಂಡಿಗೆ 30 ಚಿತ್ರ ಹಿಡಿಯುವ ಮಾಮೂಲಿ ವಿಡಿಯೊದಲ್ಲಿ ಅಷ್ಟರಲ್ಲಿ ಸಿಗುವುದು ಮೂರು ಚಿತ್ರ. ಹಾಗಾಗಿ 240 ಚಿತ್ರಗಳ ಸ್ಲೋ ಮೋಷನ್ನೇ ಬೇಕು, ಅದಕ್ಕೆ ಒಳ್ಳೆಯ ಬಿಸಿಲೂ ಬೇಕು. ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಪಾಪಿಂಗ್ ಕ್ರೀಸಿನ (ಬೌಲರ್‌ನ ಮುಂದಿನ ಪಾದ ಪೂರ್ತಿ ದಾಟಬಾರದ ಗೆರೆ) ನೇರಕ್ಕೆ, ಹುಡುಗನ ಸೊಂಟದೆತ್ತರದಲ್ಲಿ ನಿಲ್ಲಿಸುತ್ತೇನೆ. ದೊಗಳೆ ಪ್ಯಾಂಟಿನಲ್ಲಿ ಮೊಣಕಾಲಿನ ಬಿಂದು ಅಲೆದಾಡುವುದರಿಂದ ಚಡ್ಡಿ ಕಡ್ಡಾಯ. ಹಿಂದೆ ಯಾರಾದರೂ ಸುಳಿದರೆ ಬಿಂದುಗಳು ಅವರಿಗೆ ಅಂಟಿಕೊಳ್ಳುವುದುಂಟು.

ಒಂದು ಕಾಲು ಇನ್ನೊಂದನ್ನು ದಾಟುವಾಗ ತಂತ್ರಾಂಶ ಎಡಬಲಗಳನ್ನು ಅದಲುಬದಲು ಮಾಡುತ್ತದೆ. 168 ಡಿಗ್ರಿ ಇದ್ದದ್ದು ಮರುಚಿತ್ರದಲ್ಲಿ 95, ಅದರಾಚೆ ಮತ್ತೆ 166. ನಾಲ್ಕು ಮಿಲಿಸೆಕೆಂಡಿನಲ್ಲಿ ಯಾವ ಮೊಣಕಾಲೂ ಹಾಗೆ ಮಡಿಯದು. ಅಂಥ ಚಿತ್ರಗಳನ್ನು ನಾನೇ ನೋಡಿ ತೆಗೆದುಹಾಕುತ್ತೇನೆ.

ಮಗ ನಿಯಮ ಮೀರಿ, ಮಡಿಸಿದ ಮೊಣಕೈಯನ್ನು ನೇರ ಮಾಡುತ್ತಾ ಚೆಂಡನ್ನು ಎಸೆಯುತ್ತಿದ್ದಾನೆಯೇ ಎಂದು ಕೆಲವು ಪೋಷಕರು ಕೇಳುತ್ತಾರೆ. ಮೊಣಕೈ ನೇರವಾಗುವುದಕ್ಕೆ ಐಸಿಸಿ ಕೊಟ್ಟಿರುವ ಮಿತಿ 15 ಡಿಗ್ರಿ. ಅದನ್ನು ಅಳೆಯುವ ಪ್ರಯೋಗಾಲಯಗಳಲ್ಲಿ ಹಲವು ಕ್ಯಾಮೆರಾಗಳಿರುತ್ತವೆ. ತಿರುಗುವ ತೋಳನ್ನು ಒಂದೇ ಕ್ಯಾಮೆರಾ ಚಪ್ಪಟೆಯಾಗಿ ನೋಡುತ್ತದೆ. ಅದನ್ನು ನಂಬಿ ಒಬ್ಬ ಹುಡುಗನ ಮೇಲೆ ಆರೋಪ ಹೊರಿಸಲು ನಾನು ಒಪ್ಪುವುದಿಲ್ಲ.

ಹದಿನಾರರ ಹುಡುಗನೊಬ್ಬ, "ಸರ್, ನಾನು ಕಾಲು ನೆಟ್ಟಗೇ ಇಡುತ್ತೇನಲ್ಲ" ಎನ್ನುತ್ತಿದ್ದ. ಕಾಲೂರಿದಾಗ 160 ಡಿಗ್ರಿ, ಚೆಂಡು ಬಿಡುವಾಗ 128. ಎರಡು ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟಾಗ ಲ್ಯಾಪ್‌ಟಾಪ್‌ಗೆ ಮುಖವಿಟ್ಟು ನೋಡಿದ, ಆಮೇಲೆ ವಾದಿಸಲಿಲ್ಲ. ಪಾಪಿಂಗ್ ಕ್ರೀಸಿಗೂ ವಿಕೆಟ್ ನೆಟ್ಟ ಬೌಲಿಂಗ್ ಕ್ರೀಸಿಗೂ ನಡುವಿನ ನಾಲ್ಕು ಅಡಿಯನ್ನೇ ಅಳತೆಗೋಲಾಗಿಸಿ ನೋಡಿದರೆ ಕೊನೆಯ ಹೆಜ್ಜೆ ಅವನ ಎತ್ತರಕ್ಕೆ ಹೊಂದದಷ್ಟು ಉದ್ದವಿತ್ತು. ಅದನ್ನು ತಗ್ಗಿಸಿದೆವು, ತೊಡೆಗೆ ಬಲ ಬರುವ ವ್ಯಾಯಾಮ ಕೊಟ್ಟೆ. ಆದರೆ ನೆಟ್ಟಗಿನ ಕಾಲು ನೆಲದ ಹೊಡೆತವನ್ನು ಬೆನ್ನಿಗೆ ರವಾನಿಸುತ್ತದೆ. ಬೆಳೆಯುವ ವಯಸ್ಸಿನ ವೇಗದ ಬೌಲರ್‌ಗಳ ಕೆಳಬೆನ್ನಿನ ಮೂಳೆ ಬಿರುಕು ಬಿಡುವುದು ಅಪರೂಪವೇನಲ್ಲ. ಈಗ ಚೆಂಡು ಬಿಡುವಾಗ ಅವನ ಕೋನ 145ರ ಸುತ್ತಮುತ್ತ ಇದೆ. ಈ ವರ್ಷ ಅದಕ್ಕಿಂತ ಮೇಲಕ್ಕೆ ತಳ್ಳುವುದಿಲ್ಲ. ದಿನಕ್ಕೆ ಎಷ್ಟು ಓವರ್ ಎಂಬುದನ್ನೂ ನಾನೇ ಬರೆದಿಡುತ್ತೇನೆ.